ಕಲ್ಲುಬಾಗಿಲಿನ ಹನ್ನೊಂದು ಏಟು

2024ರ ಮಾರ್ಚ್ 14, ಗುರುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಜಾಗ್ರೆಬ್ ನಗರದ ಮೇಲಿನ ಪಟ್ಟಣದ ಠಾಣೆಗೆ ರೊಜಾಲಿಯಾ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ಬಂದರು. ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಒಂದು ಹಿಡಿ ಗಾರೆಯ ಪುಡಿ ಇತ್ತು. ಕಲ್ಲುಬಾಗಿಲಿನ ಗೋಡೆಯಿಂದ ಒಂದು ಕಲ್ಲು ಕಳುವಾಗಿದೆ, ದೂರು ಬರೆದುಕೊಳ್ಳಿ ಎಂದರು.

ಕಲ್ಲುಬಾಗಿಲು ಎಂದರೆ ಹಳೇ ಕೋಟೆಯ ದ್ವಾರಗಳಲ್ಲಿ ಇಂದಿಗೂ ಉಳಿದಿರುವ ಒಂದೇ ಒಂದು. ಒಳಗಿನ ಕತ್ತಲ ಓಣಿಯಲ್ಲಿ ಹಿಂದೊಮ್ಮೆ ಊರಿಗೆ ಬಿದ್ದ ಬೆಂಕಿಯಲ್ಲಿ ಸುಡದೆ ಉಳಿದ ಕನ್ಯಾಮಾತೆಯ ಚಿತ್ರಪಟ ಇದೆ. ಊರಿನವರು ಅಲ್ಲಿ ಬೇಡಿಕೊಳ್ಳುತ್ತಾರೆ, ಬೇಡಿದ್ದು ಸಿಕ್ಕರೆ ಅಂಗೈಯಗಲದ ಅಮೃತಶಿಲೆಯ ಮೇಲೆ ‘ಧನ್ಯವಾದ’ ಎಂದು ಕೆತ್ತಿಸಿ ಗೋಡೆಗೆ ಕೂರಿಸುತ್ತಾರೆ. ಹೆಸರು ಹಾಕುವ ರೂಢಿ ಇಲ್ಲ. ರೊಜಾಲಿಯಾ ಅದೇ ಓಣಿಯ ಗೂಡಂಗಡಿಯಲ್ಲಿ ನಲವತ್ತು ವರ್ಷದಿಂದ ಮೇಣದಬತ್ತಿ ಮಾರುತ್ತಿರುವವರು.

ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿಕೊಳ್ಳುವ ಅವಸರ ತೋರಲಿಲ್ಲ. ಭೂಕಂಪವಾಗಿ ನಾಲ್ಕು ವರ್ಷವಾದರೂ ಊರೆಲ್ಲ ಇನ್ನೂ ಉದುರುತ್ತಲೇ ಇದೆ, ತನ್ನ ಮನೆಯ ಚಿಮಣಿಯೂ ಹಾಗೇ ಎಂದು ಸಮಾಧಾನ ಹೇಳಿದ.

“ಉದುರಿದ ಕಲ್ಲು ಕೆಳಗೆ ಬೀಳುತ್ತಪ್ಪ,” ಎಂದರು ರೊಜಾಲಿಯಾ. “ಎದ್ದು ಮನೆಗೆ ಹೋಗಲ್ಲ.”

ಒಳಕೋಣೆಯಲ್ಲಿ ತಣ್ಣಗಾದ ಕಾಫಿ ಇಟ್ಟುಕೊಂಡು ಕೂತಿದ್ದ ಇನ್ಸ್‌ಪೆಕ್ಟರ್ ವೆಲಿಮಿರ್ ಬೆನ್ಕೊಗೆ ಈ ಮಾತು ಕೇಳಿಸಿತು. ಎದ್ದು ಬಂದ. ಐವತ್ತೆರಡರ ಮನುಷ್ಯ. ಹೆಂಡತಿ ಬಿಟ್ಟುಹೋಗಿ ಆರು ವರ್ಷವಾಗಿತ್ತು, ಅಂದಿನಿಂದ ಊಟದ ಹೊತ್ತನ್ನೂ ಕಡತಗಳ ನಡುವೆಯೇ ಕಳೆಯುತ್ತಿದ್ದ. ಜನರೊಡನೆ ಮಾತು ಬೆಳೆಸುವುದೆಂದರೆ ಅವನಿಗೆ ಕಷ್ಟ. ಎದುರುಮನೆಯ ರತ್ಕೊನ ಹೆಂಡತಿ ಜನವರಿಯಲ್ಲಿ ತೀರಿಕೊಂಡ ಮೇಲೆ, ಲಿಫ್ಟಿನಲ್ಲಿ ಅವನು ಸಿಕ್ಕರೆ ಏನು ಹೇಳಬೇಕೋ ತಿಳಿಯದೆ ನಾಲ್ಕು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುತ್ತಿದ್ದ. ಆದರೆ ಕಳ್ಳತನದ ವಿಚಾರದಲ್ಲಿ ಎಷ್ಟು ಬೇಕಾದರೂ ಮಾತಾಡಬಲ್ಲ. ರೊಜಾಲಿಯಾರನ್ನು ಕೂರಿಸಿ ದೂರು ಬರೆಸಿಕೊಂಡ. ಎಫ್‌ಐಆರ್ ಸಂಖ್ಯೆ 61/2024. ಸಮಯ 2.35.

ಮೂರು ಗಂಟೆಗೆ ಬೆನ್ಕೊ, ಕಾನ್‌ಸ್ಟೇಬಲ್ ತಿಹಾನಾಳೊಂದಿಗೆ ಸ್ಥಳಕ್ಕೆ ಹೋದ. ರೊಜಾಲಿಯಾರನ್ನೂ ಎದುರಿನ ಕಾಫಿ ಅಂಗಡಿಯ ಮಾಣಿಯನ್ನೂ ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ನಡೆಸಿದರು. ಚಿತ್ರಪಟದ ಮುಂದಿನ ಕಬ್ಬಿಣದ ಜಾಲರಿಯ ಎಡಕ್ಕೆ, ಭುಜದೆತ್ತರದಲ್ಲಿ ಖಾಲಿ ಜಾಗ. ಉದ್ದ ಇಪ್ಪತ್ತು ಸೆಂಟಿಮೀಟರ್, ಅಗಲ ಹನ್ನೆರಡು. ಅಂಚಿನ ಗಾರೆಯಲ್ಲಿ ಸಣ್ಣ ಉಳಿಯ ಹನ್ನೊಂದು ಗುರುತು. ತಿಹಾನಾ ಟಾರ್ಚ್ ಹಿಡಿದು ಎರಡು ಸಲ ಎಣಿಸಿದಳು. ಒಂದೊಂದು ಗುರುತೂ ಒಂದೇ ಏಟಿನದು. ಅಕ್ಕಪಕ್ಕದ ಕಲ್ಲುಗಳ ಮೇಲೆ ಒಂದು ಗೀರೂ ಇರಲಿಲ್ಲ.

“ಕಳ್ಳ ಮರ್ಯಾದಸ್ಥ ಸರ್,” ಎಂದಳು.

ರೊಜಾಲಿಯಾ ದಿನಕ್ಕೆರಡು ಸಲ ಗುಡಿಸುತ್ತಾರೆ, ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ. ಹತ್ತು ಹನ್ನೆರಡು ದಿನದಿಂದ ಮಧ್ಯಾಹ್ನದ ಕಸದಲ್ಲಿ ಮಾತ್ರ ಒಂದು ಚಿಟಿಕೆ ಗಾರೆ ಸಿಗುತ್ತಿತ್ತು. ಪಾರಿವಾಳಗಳ ಕೆಲಸ ಎಂದುಕೊಂಡು ಅವುಗಳಿಗೆ ಬೈಯುತ್ತಿದ್ದರು. ಇವತ್ತು ಹೆಚ್ಚು ಸಿಕ್ಕಿತು, ತಲೆಯೆತ್ತಿ ನೋಡಿದರೆ ಗೋಡೆಯಲ್ಲಿ ಬೋಳು. ಅಂದರೆ ಕೆಲಸ ನಡೆದಿರುವುದು ಹಾಡಹಗಲಲ್ಲಿ, ಅವರು ಆರು ಹೆಜ್ಜೆ ದೂರದಲ್ಲಿ ಕೂತಿದ್ದಾಗಲೇ.

“ಸುತ್ತಿಗೆ ಸದ್ದು ಕೇಳಿಸಲಿಲ್ವಾ?”

“ಇಲ್ಲಿ ಕೆಮ್ಮಿದ್ರೂ ಕೇಳಿಸುತ್ತೆ ಸಾಹೇಬ್ರೇ. ಸುತ್ತಿಗೆ ಕೇಳಿಸಲ್ವಾ? ಯಾರೂ ಹೊಡೆದಿಲ್ಲ.”

ಗೋಡೆಗೆ ಕೈಯಿಟ್ಟು ನಿಂತವರು ಯಾರಾದರೂ ಇದ್ದರೇ ಎಂದು ಬೆನ್ಕೊ ಕೇಳಿದ. ಅದು ದಡ್ಡ ಪ್ರಶ್ನೆ ಎಂಬುದು ಕೇಳಿದ ಮೇಲೆ ಅವನಿಗೇ ಹೊಳೆಯಿತು. ಅಲ್ಲಿಗೆ ಬರುವವರೆಲ್ಲ ಗೋಡೆಗೆ ಕೈಯಿಟ್ಟೇ ನಿಲ್ಲುತ್ತಾರೆ, ಕಣ್ಣನ್ನೂ ಮುಚ್ಚಿರುತ್ತಾರೆ. ಬೇಡಿಕೊಳ್ಳುವವರ ಮುಖವನ್ನು ದಿಟ್ಟಿಸುವಷ್ಟು ಒರಟರು ನಮ್ಮೂರಿನಲ್ಲಿ ಕಡಿಮೆ.

ಮಾರ್ಚ್ 15, ಶುಕ್ರವಾರ. ಬೆಳಿಗ್ಗೆ ಹನ್ನೊಂದರಿಂದ ಬೆನ್ಕೊ, ತಿಹಾನಾ ಇಬ್ಬರೂ ಓಣಿಯ ಬೆಂಚಿನ ಮೇಲೆ ಕೂತರು. ಎರಡರವರೆಗೂ ಕೂರುವುದು, ಯಾವ ಹೊತ್ತಿನಲ್ಲಿ ಓಣಿ ಖಾಲಿಯಾಗುತ್ತದೆ ನೋಡುವುದು ಎಂದು ಯೋಜನೆ. ಓಣಿ ಖಾಲಿಯಾಗಲೇ ಇಲ್ಲ. ಕಾಲೇಜು ಹುಡುಗಿಯರು ಪರೀಕ್ಷೆಗೆ ಬತ್ತಿ ಹಚ್ಚಿದರು, ತರಕಾರಿ ಚೀಲ ಹಿಡಿದವರು ನಿಂತು ಶಿಲುಬೆ ಸನ್ನೆ ಮಾಡಿ ಹೋದರು. ಹನ್ನೆರಡಾಯಿತು. ಹೊತ್ತು ತಿಳಿಸಲು ಮೇಲಿನ ಗೋಪುರದಿಂದ ದಿನವೂ ಹಾರಿಸುವ ಫಿರಂಗಿ ಹಾರಿತು, ಓಣಿಯ ಗಾಳಿ ಒಮ್ಮೆ ನಡುಗಿತು. ಬೆನ್ಕೊ ಕೈಗಡಿಯಾರ ನೋಡಿಕೊಂಡ. ಅರ್ಧ ನಿಮಿಷ ಹಿಂದಿತ್ತು, ಸರಿಮಾಡಿಕೊಂಡ.

ತಿಹಾನಾ ಗೋಡೆಯ ಹತ್ತಿರ ನಿಂತು ನಗುತ್ತಿದ್ದಳು. ಕೈಯಲ್ಲಿ ಠಾಣೆಯ ಬೀಗದ ಕೈ ಗೊಂಚಲು.

“ಸರ್, ನಾನೀಗ ಜಾಲರಿ ಕಂಬಿಗೆ ಇದರಲ್ಲಿ ಹೊಡೆದೆ. ಜೋರಾಗೇ ಹೊಡೆದೆ. ಕೇಳಿಸ್ತಾ?”

ಕೇಳಿಸಿರಲಿಲ್ಲ. ನೋಡಿರಲೂ ಇಲ್ಲ. ರೊಜಾಲಿಯಾರ ಕಡೆ ತಿರುಗಿದರೆ ಅವರೂ ತಲೆ ಬಗ್ಗಿಸಿ ತಮ್ಮ ಗಡಿಯಾರದ ಕೀಲಿ ತಿರುಗಿಸುತ್ತಿದ್ದರು. ಓಣಿಯಲ್ಲಿದ್ದ ಊರಿನವರೆಲ್ಲ ಮಣಿಕಟ್ಟನ್ನೋ ಫೋನನ್ನೋ ನೋಡುತ್ತಿದ್ದರು. ಈ ಊರಿನಲ್ಲಿ ಹುಟ್ಟಿದವರಿಗೆ ಇದು ರಕ್ತದಲ್ಲೇ ಬಂದಿದೆ. ಫಿರಂಗಿ ಹಾರಿದರೆ ತಲೆ ತಾನಾಗಿ ಬಾಗುತ್ತದೆ, ಎರಡು ಸೆಕೆಂಡು ಊರಿಗೆ ಊರೇ ಕುರುಡು, ಕಿವುಡು. ಕಳ್ಳನಿಗೆ ಅದು ಗೊತ್ತಿತ್ತು. ದಿನಕ್ಕೆ ಒಂದೇ ಏಟು. ಹನ್ನೊಂದು ದಿನ.

ಠಾಣೆಗೆ ಮರಳುವಾಗ ಬೆನ್ಕೊನಿಗೆ ಖುಷಿಗಿಂತ ಕಸಿವಿಸಿಯೇ ಹೆಚ್ಚಾಗಿತ್ತು. ಕಸುಬಿನ ಕಳ್ಳನಿಗೆ ಇಷ್ಟು ತಾಳ್ಮೆ ಇರುವುದಿಲ್ಲ. ಒಂದು ಏಟು ಹೊಡೆದು, ಉಳಿಯನ್ನು ಜೇಬಿಗೆ ಹಾಕಿ, ಇಪ್ಪತ್ನಾಲ್ಕು ಗಂಟೆ ಕಾದು ಮತ್ತೆ ಬರುವವನಿಗೆ ಬೇಕಾಗಿರುವುದು ಕಲ್ಲಲ್ಲ, ಬೇರೇನೋ.

ಸಂಜೆ ತಿಹಾನಾ ಪ್ರವಾಸಿಗಳು ಅಂತರ್ಜಾಲಕ್ಕೆ ಹಾಕಿದ ಚಿತ್ರಗಳನ್ನೆಲ್ಲ ಜಾಲಾಡಿದಳು. ಪೋಲೆಂಡಿನ ಒಬ್ಬಳು 14ರಂದು 11.51ಕ್ಕೆ ತೆಗೆದ ಚಿತ್ರದಲ್ಲಿ ಕಲ್ಲು ಜಾಗದಲ್ಲಿತ್ತು. 12.06ರ ಇನ್ನೊಬ್ಬರ ಚಿತ್ರದಲ್ಲಿ ಇರಲಿಲ್ಲ. ಮೊದಲನೆಯದನ್ನು ಹಿಗ್ಗಿಸಿದರೆ ಅಕ್ಷರ ಓದಬಹುದಿತ್ತು. ‘ಧನ್ಯವಾದ. ಆಗಸ್ಟ್ 1992.’ ಅಷ್ಟೇ.

ಹೆಸರಿಲ್ಲದ ಕಲ್ಲಿನ ಒಡೆಯರನ್ನು ಹುಡುಕುವುದು ಹೇಗೆ? ಆ ಕಾಲದಲ್ಲಿ ಇಂಥ ಕಲ್ಲುಗಳನ್ನು ಹೆಚ್ಚಾಗಿ ಕೆತ್ತುತ್ತಿದ್ದದ್ದು ದೊಡ್ಡ ಸ್ಮಶಾನದ ರಸ್ತೆಯ ಒಬ್ಬ ಮುದುಕ ಎಂದು ರೊಜಾಲಿಯಾ ಹೇಳಿದ್ದರು. ಶನಿವಾರ ಬೆಳಿಗ್ಗೆ 9.20ಕ್ಕೆ ಇಬ್ಬರೂ ಅಲ್ಲಿಗೆ ಹೋದರು. ಮುದುಕ ತೀರಿಕೊಂಡಿದ್ದ. ಈಗ ಮಗ ಗಾಷ್ಪರ್ ಕೆಲಸ ನೋಡುತ್ತಿದ್ದ, ಅವನಿಗೂ ಅರವತ್ತು ದಾಟಿತ್ತು. ಧನ್ಯವಾದ ಕದ್ದವನು ಅದನ್ನು ಯಾರಿಗೆ ಹೇಳುತ್ತಾನಂತೆ ಎಂದು ನಗುತ್ತಲೇ ಅಪ್ಪನ ಹಳೇ ಪುಸ್ತಕ ತೆಗೆದ.

ಪುಸ್ತಕದ ಪ್ರತಿ ಸಾಲಿನ ಕೊನೆಗೂ ‘ಸಿಕ್ಕಿತು’ ಎಂದು ಬರೆದಿತ್ತು. ಅದೇನು ಎಂದು ಬೆನ್ಕೊ ಕೇಳಿದ.

“ಅಪ್ಪನ ಹಟ ಅದು. ಕಲ್ಲು ಕೇಳ್ಕೊಂಡು ಬಂದವರನ್ನ ಮೊದಲು ಕೇಳೋರು, ‘ಬೇಡಿದ್ದು ಸಿಕ್ತಾ?’ ಅಂತ. ಇನ್ನೂ ಸಿಕ್ಕಿಲ್ಲ, ಸಿಗುತ್ತೆ ಅಂದವರಿಗೆ ಕೆತ್ತಿ ಕೊಡ್ತಿರಲಿಲ್ಲ. ಮುಂಗಡ ಧನ್ಯವಾದ ಲಂಚ ಅನ್ನೋರು.”

1992ರ ಆಗಸ್ಟಿನಲ್ಲಿ ಕೆತ್ತಿದ ಕಲ್ಲುಗಳು ನಾಲ್ಕು. ಮೂರರಲ್ಲಿ ಬೇರೆ ಅಕ್ಷರಗಳೂ ಇದ್ದವು. ನಾಲ್ಕನೆಯದು ಹೀಗಿತ್ತು: ‘ಆಗಸ್ಟ್ 20. ಯಾಗೋಡಾ ಮಿಕುಲಾ. ತಿಂಗಳು, ವರ್ಷ ಮಾತ್ರ. ಸಿಕ್ಕಿತು.’

ಟ್ರಾಮಿನಲ್ಲಿ ಕೂತೇ ತಿಹಾನಾ ಹೆಸರನ್ನು ಹುಡುಕಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. ಯಾಗೋಡಾಳ ಗಂಡ ಮತಿಯಾ ಮಿಕುಲಾ, 1991ರ ಯುದ್ಧದಲ್ಲಿ ವುಕೊವಾರ್ ಪಟ್ಟಣದಲ್ಲಿ ಕಾಣೆಯಾದವನು. ಮೂವತ್ತೆರಡು ವರ್ಷ ಕಾಣೆಯಾದವರ ಪಟ್ಟಿಯಲ್ಲಿದ್ದ. ಒಂದು ಹೊಲದ ಅಂಚಿನ ಗುಂಡಿಯಲ್ಲಿ ಸಿಕ್ಕ ಮೂಳೆಗಳು ಅವನವೇ ಎಂದು ಕಳೆದ ನವೆಂಬರ್‌ನಲ್ಲಿ ಖಚಿತವಾಗಿತ್ತು. ಫೆಬ್ರವರಿ 24ರಂದು ಮಣ್ಣು ಮಾಡಿದ್ದರು. ಸತ್ತದ್ದು 1991ರ ನವೆಂಬರ್ ಎಂದು ವರದಿ ಹೇಳುತ್ತಿತ್ತು.

“ಕಲ್ಲು ಹಾಕಿಸಿದ್ದು ಅದಾಗಿ ಒಂಬತ್ತು ತಿಂಗಳಿಗೆ ಸರ್,” ಎಂದಳು ತಿಹಾನಾ.

ಯಾಗೋಡಾ ಟ್ರೆಷ್ನೆವ್ಕಾ ಬಡಾವಣೆಯಲ್ಲಿ ನೆಲಮಹಡಿಯ ಒಂದು ಕೋಣೆಯಲ್ಲಿ ಬಟ್ಟೆ ಅಳತೆ ಸರಿಮಾಡಿ ಕೊಡುವ ಕೆಲಸ ಮಾಡುತ್ತಿದ್ದಳು. ಐವತ್ತೊಂಬತ್ತು ವರ್ಷ. ಒಬ್ಬಳೇ. ಕೋಣೆಯಲ್ಲಿ ಯಾರ್ಯಾರದೋ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಕಲ್ಲು ಕಳುವಾದ ಸುದ್ದಿ ಕೇಳಿ ಹೊಲಿಗೆಯಂತ್ರದ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದಳು.

ಬೆನ್ಕೊನಿಗೆ ಮೊದಲ ಅನುಮಾನ ಇವಳ ಮೇಲೆಯೇ ಇತ್ತು, ಮುಚ್ಚಿಡುವುದೇಕೆ? ಸುಳ್ಳಾದ ವರಕ್ಕೆ ಹೇಳಿದ ಧನ್ಯವಾದವನ್ನು ಹಿಂತೆಗೆದುಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ಇವಳಿಗೆ. ಅದನ್ನು ಸುತ್ತಿ ಬಳಸಿ ಕೇಳಿದ.

“ನಾನ್ಯಾಕೆ ಕೀಳಲಿ?” ಎಂದಳು. “ಪ್ರತಿ ಈಸ್ಟರ್‌ಗೆ ಹೋಗಿ ಅದರ ಮುಂದೆ ಬತ್ತಿ ಹಚ್ಚಿ ಬರ್ತೀನಿ. ಈ ತಿಂಗಳ ಕೊನೆಗೂ ಹೋಗೋಳಿದ್ದೆ.”

“ಕಲ್ಲು ಹಾಕಿಸಿದಾಗ ನಿಮ್ಮ ಯಜಮಾನರು ಇರಲಿಲ್ಲ.”

“ಇರಲಿಲ್ಲ.”

“ಕಲ್ಲುಕುಟಿಗರ ಪುಸ್ತಕದಲ್ಲಿ ‘ಸಿಕ್ಕಿತು’ ಅಂತ ಇದೆ. ಏನು ಸಿಕ್ಕಿದ್ದು?”

ಯಾಗೋಡಾ ನೂಲನ್ನು ಹಲ್ಲಿನಿಂದ ಕತ್ತರಿಸಿ, ಕೋಟನ್ನು ಮಡಚಿ ಪಕ್ಕಕ್ಕಿಟ್ಟಳು. 14ರ ಮಧ್ಯಾಹ್ನ ಮದುವೆ ಹೆಣ್ಣೊಬ್ಬಳ ಬಟ್ಟೆಯ ಅಳತೆ ನೋಡುತ್ತಿದ್ದೆ ಎಂದು ವಿಳಾಸ ಕೊಟ್ಟಳು. ತಿಹಾನಾ ಹೊರಗೆ ಹೋಗಿ ಫೋನ್ ಮಾಡಿ ಬಂದಳು. ನಿಜವಾಗಿತ್ತು.

ಹಾಗಾದರೆ ಅದು ನಿಮ್ಮ ಕಲ್ಲೆಂದು ಇನ್ಯಾರಿಗೆ ಗೊತ್ತಿತ್ತು ಎಂದು ಬೆನ್ಕೊ ಕೇಳಿದ. ಒಬ್ಬನಿಗೆ, ಎಂದಳು. ವಿಂಕೊ ಲಾಸಿಚ್. ಮತಿಯಾನ ಜೊತೆಯವನು, ಇಬ್ಬರನ್ನೂ ಒಟ್ಟಿಗೆ ಸೆರೆ ಹಿಡಿದಿದ್ದರು. 1992ರ ಆಗಸ್ಟಿನಲ್ಲಿ ಕೈದಿಗಳ ವಿನಿಮಯವಾದಾಗ ವಿಂಕೊ ಬಿಡುಗಡೆಯಾಗಿ ಬಂದ. ಬಂದ ನಾಲ್ಕನೇ ದಿನ ಇವಳ ಬಾಗಿಲು ತಟ್ಟಿ, ಮತಿಯಾ ಬದುಕಿದ್ದಾನೆ, ಬಡಕಲಾಗಿದ್ದಾನೆ ಅಷ್ಟೇ, ತನ್ನಿಂದ ಎರಡು ಹಾಸಿಗೆ ಆಚೆ ಮಲಗುತ್ತಿದ್ದ, ಮುಂದಿನ ಬಸ್ಸಿನಲ್ಲಿ ಬರುತ್ತಾನೆ ಎಂದು ಹೇಳಿ ಹೋದ. ಇವಳು ಕಲ್ಲು ಹಾಕಿಸಿ ಅವನಿಗೆ ಕಾಗದ ಬರೆದಳು, ಈಸ್ಟರ್‌ಗೆ ಬಾ, ಇಬ್ಬರೂ ಹೋಗಿ ಬತ್ತಿ ಹಚ್ಚೋಣ ಎಂದು. ಅವನು ಉತ್ತರ ಬರೆಯಲಿಲ್ಲ, ಬರಲೂ ಇಲ್ಲ.

“ಈಗ ಎಲ್ಲಿದ್ದಾನೆ?”

“ಇದೇ ಊರಲ್ಲಿ. ಪ್ರವಾಸಿಗಳಿಗೆ ಊರು ತೋರಿಸ್ತಾನೆ. ಚೌಕದಲ್ಲಿ ಎಷ್ಟೋ ಸಲ ದೂರದಿಂದ ನೋಡಿದೀನಿ. ನನ್ನ ಕಂಡ್ರೆ ಆ ಕಡೆ ತಿರುಗಿಬಿಡ್ತಾನೆ. ಮಣ್ಣಿಗೂ ಬಂದಿದ್ದ. ಗೇಟಿನ ಹತ್ರ ಮರದ ಕೆಳಗೆ ನಿಂತಿದ್ದು ಹೋಗಿಬಿಟ್ಟ.”

ಬಾಗಿಲವರೆಗೆ ಬಂದು ಅವಳೊಂದು ಮಾತು ಕೇಳಿದಳು. ಅವನೇ ಆಗಿದ್ದರೆ, ಠಾಣೆಗೆ ಕರೆದೊಯ್ಯುವ ಮುನ್ನ ತನಗೆ ತಿಳಿಸಬೇಕು. ಅದು ನಿಯಮದಲ್ಲಿಲ್ಲ ಎಂದ ಬೆನ್ಕೊ. ನಿಯಮ ನನಗೂ ಗೊತ್ತು, ಮೂವತ್ತೆರಡು ವರ್ಷ ಕಚೇರಿಗಳಲ್ಲೇ ಕೂತಿದ್ದೇನೆ ಎಂದಳು ಅವಳು.

ಭಾನುವಾರ ಮತ್ತು ಸೋಮವಾರ ತಿಹಾನಾ ಅಂತರ್ಜಾಲದಲ್ಲಿ ವಿಂಕೊ ಲಾಸಿಚ್ ಬಗ್ಗೆ ಪ್ರವಾಸಿಗಳು ಬರೆದದ್ದನ್ನೆಲ್ಲ ಓದಿದಳು. ಹನ್ನೆರಡು ವರ್ಷದ ಬರಹಗಳು. ಎಲ್ಲರೂ ಹೊಗಳಿದ್ದರು. ಸಾವಿರ ಕತೆ ಹೇಳುತ್ತಾನೆ, ಮಕ್ಕಳನ್ನು ನಗಿಸುತ್ತಾನೆ. ಒಂದೇ ಕೊರತೆ: ಕಲ್ಲುಬಾಗಿಲಿಗೆ ಬಂದಾಗ ಮಾತ್ರ ನೀವೇ ನೋಡಿ ಬನ್ನಿ ಎಂದು ಹೊರಗೆ ನಿಲ್ಲುತ್ತಾನೆ. ಇನ್ನು ಈ ಮಾರ್ಚಿನ ಬರಹಗಳಲ್ಲಿ ಹೊಸ ದೂರು ಸೇರಿತ್ತು. ‘ಫಿರಂಗಿ ಹಾರುವಾಗ ನಮ್ಮನ್ನು ಗೋಪುರದ ಕೆಳಗೆ ಬಿಟ್ಟು ಎಲ್ಲೋ ಹೋದ, ಹತ್ತು ನಿಮಿಷ ಬಿಟ್ಟು ಬೆವರುತ್ತಾ ಬಂದ.’ ಐದು ಬೇರೆ ಬೇರೆ ದೇಶದವರು ಇದೇ ಮಾತು ಬರೆದಿದ್ದರು. ಮೊದಲನೆಯದು ಮಾರ್ಚ್ 2ರದು. ಅವನು ಭಾನುವಾರ ಕೆಲಸ ಮಾಡುವುದಿಲ್ಲ. 2ರಿಂದ 14ರವರೆಗೆ ಎರಡು ಭಾನುವಾರ ಕಳೆದರೆ ಹನ್ನೊಂದು ದಿನ.

ಮಾರ್ಚ್ 19, ಮಂಗಳವಾರ. ಬೆಳಿಗ್ಗೆ 10.25. ಈ ಊರಿನಲ್ಲಿ ಯಾರು ಯಾರನ್ನು ಭೇಟಿಯಾಗಬೇಕಾದರೂ ಚೌಕದ ಕಂಚಿನ ಕುದುರೆಯ ಬಾಲದ ಕೆಳಗೇ. ವಿಂಕೊ ಅಲ್ಲಿ ನೀಲಿ ಕೊಡೆ ಹಿಡಿದು ಒಂಬತ್ತು ಮಂದಿ ಪ್ರವಾಸಿಗಳನ್ನು ಎಣಿಸುತ್ತಿದ್ದ. ಎತ್ತರದ, ಬಾಗಿದ ಮನುಷ್ಯ. ಹೆಗಲಲ್ಲಿ ಕ್ಯಾನ್ವಾಸ್ ಚೀಲ, ಅದರ ಒಂದು ಮಗ್ಗುಲು ಭಾರದಿಂದ ಜಗ್ಗಿತ್ತು. ಮಫ್ತಿಯಲ್ಲಿದ್ದ ಬೆನ್ಕೊ ಮತ್ತು ತಿಹಾನಾ ಗುಂಪಿನ ಹಿಂದೆ ಸೇರಿಕೊಂಡರು. ವಿಂಕೊ ನೇರವಾಗಿ ಅವರ ಹತ್ತಿರ ಬಂದ.

“ನೀವು ಪ್ರವಾಸಿಗಳಲ್ಲ. ಊರಿನವರು ಕುದುರೆ ಕಡೆ ತಲೆಯೆತ್ತಿ ನೋಡಲ್ಲ.”

ಬೆನ್ಕೊ ಗುರುತಿನ ಚೀಟಿ ತೋರಿಸಿದ. ವಿಂಕೊ ಅದನ್ನು ನಿಧಾನವಾಗಿ ಓದಿದ, ಬಹಳ ದಿನದಿಂದ ಬರಬೇಕಾಗಿದ್ದ ಕಾಗದ ಕೈಗೆ ಬಂದವನಂತೆ.

“ಇವರನ್ನ ನಡುದಾರೀಲಿ ಬಿಡೋಕಾಗಲ್ಲ ಸರ್. ಮುಗಿಸಿ ಬರ್ತೀನಿ. ಓಡಿ ಹೋಗೋ ವಯಸ್ಸಲ್ಲ ನಂದು.”

ಬೆನ್ಕೊ ಒಪ್ಪಿದ. ಇದೂ ನಿಯಮದಲ್ಲಿರಲಿಲ್ಲ. ತಿಹಾನಾ ಅವನ ಮುಖವನ್ನೊಮ್ಮೆ ನೋಡಿ, ಪಕ್ಕಕ್ಕೆ ಸರಿದು ಯಾಗೋಡಾಳಿಗೆ ಫೋನ್ ಮಾಡಿದಳು. ಬೆನ್ಕೊ ಕೇಳಿಸದವನಂತೆ ಮುಂದೆ ನಡೆದ.

ಹುಟ್ಟಿದೂರನ್ನು ಬೆನ್ಕೊ ಹೀಗೆ ಸುತ್ತಿದ್ದು ಅದೇ ಮೊದಲು. ಭೂಕಂಪದಲ್ಲಿ ತುದಿ ಕಳೆದುಕೊಂಡ ಪ್ರಧಾನ ಚರ್ಚಿನ ಮುಂದೆ ನಿಂತು, ಎರಡು ಗೋಪುರಗಳೂ ನಮ್ಮನ್ನು ಕಾಯಿಸುತ್ತಿವೆ, ಕಾಯುವುದು ನಮಗೆ ಹೊಸದಲ್ಲ ಎಂದು ವಿಂಕೊ ಹೇಳಿದ. ಕೆಂಪು ಕೊಡೆಗಳ ಮಾರುಕಟ್ಟೆಯಲ್ಲಿ ಚೀಸ್ ಮಾರುವ ಅಜ್ಜಿಯರು ಅವನನ್ನು ಹೆಸರು ಹಿಡಿದು ಕರೆದು, ಇನ್ನೂ ಒಬ್ಬನೇ ಏನೋ, ಒಬ್ಬಳನ್ನು ನೋಡಿ ಕೊಡೋಣವೇ ಎಂದು ಕೆಣಕಿದರು. ಅವನು ನಕ್ಕ. ಹಗ್ಗ ಎಳೆಯುವ ಪುಟ್ಟ ರೈಲಿನಲ್ಲಿ ಗುಡ್ಡ ಹತ್ತುವಾಗ ಪುಟ್ಟ ಹುಡುಗಿಯೊಬ್ಬಳಿಗೆ ಕಿಟಕಿ ಬಿಟ್ಟುಕೊಟ್ಟ. ಇಷ್ಟು ಜನರ ನಡುವೆ ದಿನವಿಡೀ ಮಾತಾಡಿ, ಸಂಜೆ ಒಂದು ಮಾತಿಗೂ ಜನವಿಲ್ಲದ ಮನೆಗೆ ಹೋಗುವ ಬದುಕು ಎಂಥದ್ದೆಂದು ಬೆನ್ಕೊನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹನ್ನೆರಡಕ್ಕೆ ಗೋಪುರದ ಕೆಳಗಿದ್ದರು. ಫಿರಂಗಿ ಹಾರಿತು, ಪ್ರವಾಸಿಗಳು ಬೆಚ್ಚಿ ನಕ್ಕರು. ಬೆನ್ಕೊ ಪ್ರಯತ್ನಪಟ್ಟು ಗಡಿಯಾರ ನೋಡದೆ ವಿಂಕೊನನ್ನು ನೋಡಿದ. ವಿಂಕೊನ ಬಲಗೈ ಖಾಲಿ ಗಾಳಿಯಲ್ಲಿ ಒಮ್ಮೆ ಸುತ್ತಿಗೆ ಬೀಸಿದಂತೆ ಎದ್ದಿಳಿಯಿತು. ಬಳಿಕ ಬಣ್ಣದ ಹೆಂಚಿನ ಚರ್ಚನ್ನು ತೋರಿಸಿ, ಇಳಿಜಾರಿನಲ್ಲಿ ಕಲ್ಲುಬಾಗಿಲಿಗೆ ಬಂದರು. ಸಮಯ 12.20.

ಬಾಗಿಲ ಬಾಯಲ್ಲಿ ವಿಂಕೊ ನಿಂತುಬಿಟ್ಟ. ಒಳಗೆ ಬೆಂಚಿನ ಮೇಲೆ ಯಾಗೋಡಾ ಕೂತಿದ್ದಳು, ಮೊಣಕಾಲ ಮೇಲೆ ಕೈಚೀಲ. ರೊಜಾಲಿಯಾ ಅಂಗಡಿಯ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದರು.

“ಬಾ ಒಳಗೆ,” ಎಂದಳು ಯಾಗೋಡಾ.

ಅವನು ಬಂದ. ಚೀಲದಿಂದ ಉಣ್ಣೆಯ ಮಫ್ಲರಿನಲ್ಲಿ ಸುತ್ತಿದ್ದ ಕಲ್ಲನ್ನು ತೆಗೆದು ಅವಳ ಪಕ್ಕದಲ್ಲಿಟ್ಟ. ಐದು ದಿನದಿಂದ ಹೊತ್ತು ತಿರುಗುತ್ತಿದ್ದನಂತೆ, ಮನೆಯಲ್ಲಿಡಲು ಮನಸ್ಸಾಗಿರಲಿಲ್ಲ. ಪ್ರವಾಸಿಗಳು ಭಾಷೆ ತಿಳಿಯದಿದ್ದರೂ ಏನೋ ತಿಳಿದವರಂತೆ ತಾವಾಗಿ ಆಚೆ ಸರಿದರು.

“ನಾನು ಹೇಳಿದ್ದು ಸುಳ್ಳು,” ಎಂದ ವಿಂಕೊ. “ಅವನನ್ನ ನವೆಂಬರ್‌ನಲ್ಲೇ ಸಾಲಿಂದ ಎಳ್ಕೊಂಡು ಹೋದ್ರು. ನಾನು ಪಕ್ಕದಲ್ಲೇ ಇದ್ದೆ. ಅದನ್ನ ಹೇಳೋಕಂತಲೇ ನಿನ್ನ ಮನೆಗೆ ಬಂದೆ. ನೀನು ಬಾಗಿಲು ತೆಗೆದು, ಊಟ ಆಯ್ತಾ ಅಂದೆ. ಸಾರು ಬಡಿಸಿದೆ. ನನ್ನ ಕೈಲಿ ಹೇಳೋಕಾಗಲಿಲ್ಲ. ಆಮೇಲೆ ನೀನು ಕಲ್ಲು ಹಾಕಿಸಿದೆ ಅಂತ ಬರೆದೆ. ನನ್ನ ಸುಳ್ಳಿಗೆ ದೇವರ ಮುಂದೆ ಕಲ್ಲು. ಈಗ ಮಣ್ಣೂ ಆಯ್ತು. ಈಸ್ಟರ್‌ಗೆ ನೀನು ಬಂದು ಅದನ್ನ ನೋಡೋದ್ರೊಳಗೆ ತೆಗೀಬೇಕು ಅನ್ನಿಸ್ತು.”

“ಗೊತ್ತಿತ್ತು.”

“ಈಗ ಗೊತ್ತಾಗಿದೆ.”

“ಅವತ್ತೇ ಗೊತ್ತಿತ್ತು ಕಣೋ. ಅವನು ಬದುಕಿದಾನೆ ಅಂತ ಹೇಳುವಾಗ ನೀನು ನನ್ನ ಮುಖ ನೋಡಲೇ ಇಲ್ಲ. ತಟ್ಟೆ ನೋಡ್ತಿದ್ದೆ.” ಯಾಗೋಡಾ ಮಫ್ಲರ್ ಬಿಚ್ಚಿ ಕಲ್ಲಿನ ಅಂಚಿನ ಪುಡಿಯನ್ನು ಬೆರಳಿಂದ ಒರೆಸಿದಳು. “ನಾನು ಮತಿಯಾ ಬರಲಿ ಅಂತ ಬೇಡಿಕೊಂಡಿರಲಿಲ್ಲ. ಅವನು ಇಲ್ಲ ಅಂತ ಎದೆಗೆ ಗೊತ್ತಾಗಿಹೋಗಿತ್ತು. ಒಂಬತ್ತು ತಿಂಗಳು ನಮ್ಮನೆಗೆ ಒಂದು ನರಪಿಳ್ಳೆ ಬಂದಿರಲಿಲ್ಲ. ನನ್ನ ಕಂಡ್ರೆ ಬೀದಿಯವರೆಲ್ಲ ಆಚೆ ಬದಿಗೆ ದಾಟ್ಕೊಳ್ಳೋರು, ಏನ್ ಮಾತಾಡೋದು ಅಂತ. ಇಲ್ಲಿ ಬಂದು ಕೇಳ್ಕೊಂಡೆ, ಯಾರಾದ್ರೂ ಒಬ್ರು ನನ್ನ ಬಾಗಿಲು ತಟ್ಟಲಿ ಅಂತ. ನೀನು ತಟ್ಟಿದೆ. ಕಲ್ಲುಕುಟಿಗ ಬೇಡಿದ್ದು ಸಿಕ್ತಾ ಅಂದ. ಸಿಕ್ತು ಅಂದೆ.”

ವಿಂಕೊ ಬೆಂಚಿನ ತುದಿಯಲ್ಲಿ ಕೂತ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

“ಈಸ್ಟರ್‌ಗೆ ಬಾ ಅಂತ ಬರೆದಿದ್ದೆ,” ಎಂದಳು ಅವಳು. “ಬರಲಿಲ್ಲ. ನಿನಗೂ ನನ್ನ ಜೊತೆ ಏನ್ ಮಾತಾಡೋದು ಅಂತ ಆಗಿರಬೇಕು ಅಂದ್ಕೊಂಡು ಸುಮ್ಮನಾದೆ.” ಆಮೇಲೆ, “ಊಟ ಆಯ್ತಾ ನಿಂದು?”

ದಸ್ತಗಿರಿ ದಾಖಲೆಯಲ್ಲಿ ಸಮಯ ಮಧ್ಯಾಹ್ನ 1.35 ಎಂದಿದೆ. ನಡುವಿನ ಒಂದೂಕಾಲು ಗಂಟೆ ಕಡತದಲ್ಲಿಲ್ಲ. ಬಾಗಿಲ ಪಕ್ಕದ ಹೋಟೆಲಿನಲ್ಲಿ ಇಬ್ಬರು ಬೀನ್ಸ್ ಕಾಳಿನ ಸಾರು ಉಣ್ಣುತ್ತಿದ್ದರು, ಇಬ್ಬರು ಪೊಲೀಸರು ಹೊರಗೆ ಚಳಿಯಲ್ಲಿ ನಿಂತಿದ್ದರು, ಒಂಬತ್ತು ಮಂದಿ ಪ್ರವಾಸಿಗಳಿಗೆ ರೊಜಾಲಿಯಾ ಕೈಸನ್ನೆಯಲ್ಲೇ ಊರಿನ ಉಳಿದ ಇತಿಹಾಸ ಹೇಳುತ್ತಿದ್ದರು.

ಠಾಣೆಯಲ್ಲಿ ವಿಂಕೊ ತಪ್ಪೊಪ್ಪಿಗೆ ಬರೆಸಿ ಸಹಿ ಹಾಕಿದ. ಉಳಿ, ಪುಟ್ಟ ಸುತ್ತಿಗೆ, ಕಲ್ಲು ಜಪ್ತಿಯಾದವು. ಪ್ರಾಚೀನ ಕಟ್ಟಡಕ್ಕೆ ಹಾನಿ ಮಾಡಿದ ಪ್ರಕರಣವಾದ್ದರಿಂದ ಯಾಗೋಡಾ ಬೇಡವೆಂದರೂ ಅದು ಮುಚ್ಚಿಹೋಗುವಂತಿರಲಿಲ್ಲ. ಸಂಜೆ ಜಾಮೀನಿನ ಮೇಲೆ ಬಿಟ್ಟರು. ನ್ಯಾಯಾಲಯದ ಅನುಮತಿ ಪಡೆದು ಮಾರ್ಚ್ 28ರಂದು ಗಾಷ್ಪರ್ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಿದ. ಮೂರು ದಿನಕ್ಕೆ ಈಸ್ಟರ್. ಅವತ್ತು ಯಾಗೋಡಾ ಎರಡು ಬತ್ತಿ ಕೊಂಡಳೆಂದೂ, ಎರಡನೆಯದನ್ನು ಹಚ್ಚಿದ್ದು ಅವಳಲ್ಲವೆಂದೂ ರೊಜಾಲಿಯಾ ಠಾಣೆಗೆ ಬಂದು ಹೇಳಿ ಹೋದರು.

ಅಂತಿಮ ವರದಿಯಲ್ಲಿ ‘ಕೃತ್ಯಕ್ಕೆ ಕಾರಣ’ ಎಂಬ ಅಂಕಣವಿರುತ್ತದೆ. ಬೆನ್ಕೊ ಅದರಲ್ಲಿ ‘ಧನ್ಯವಾದ ತನಗೇ ಸಲ್ಲಬೇಕಾದದ್ದು ಎಂದು ಆರೋಪಿಗೆ ತಿಳಿದಿರಲಿಲ್ಲ’ ಎಂದು ಬರೆದ. ಮೇಲಧಿಕಾರಿ ಕೆಂಪು ಗೆರೆ ಎಳೆದು, ಇದೇನು ಎಂದು ಕೇಳಿ ಕಳುಹಿಸಿದ. ಬೆನ್ಕೊ ತಿದ್ದದೆ ಹಾಗೆಯೇ ವಾಪಸ್ ಕಳುಹಿಸಿದ.

ವಿಂಕೊನನ್ನು ಜಾಮೀನಿನ ಮೇಲೆ ಬಿಟ್ಟ ಆ ಮಂಗಳವಾರ ಸಂಜೆ ಏಳು ಗಂಟೆಗೆ ಬೆನ್ಕೊ ಮನೆಗೆ ಹೋದ. ದಾರಿಯಲ್ಲಿ ಚೀಸ್ ತುಂಬಿದ ಷ್ಟ್ರುಕ್ಲಿ ಎಂಬ ಕಡುಬನ್ನು ಇಬ್ಬರಿಗಾಗುವಷ್ಟು ಕಟ್ಟಿಸಿಕೊಂಡಿದ್ದ. ಲಿಫ್ಟ್ ಹತ್ತಿದ. ನಾಲ್ಕನೇ ಮಹಡಿಯಲ್ಲಿ ಇಳಿದು ರತ್ಕೊನ ಬಾಗಿಲ ಮುಂದೆ ನಿಂತ. ಏನು ಮಾತಾಡಬೇಕೆಂದು ಆಗಲೂ ಅವನಿಗೆ ತಿಳಿದಿರಲಿಲ್ಲ. ಬಾಗಿಲು ತಟ್ಟಿದ.